ಮಿನ್ನೆಸೋಟಾದ ಎಣಿಕೆ ಮೇಜು

ಉದ್ದನೆಯ ಮೇಜು. ಒಂದು ಬದಿಗೆ ಚುನಾವಣಾ ಸಿಬ್ಬಂದಿ, ಎದುರಿಗೆ ಎರಡೂ ಪಕ್ಷಗಳ ಕಡೆಯವರು. ಸೀಲು ಒಡೆದ ಪೆಟ್ಟಿಗೆಯಿಂದ ತೆಗೆದ ಮತಪತ್ರಗಳನ್ನು ಅಧಿಕಾರಿ ಒಂದೊಂದಾಗಿ ಎತ್ತಿ, ಎಲ್ಲರಿಗೂ ಕಾಣುವಂತೆ ಹಿಡಿದು, ಮೂರು ರಾಶಿಗಳಲ್ಲಿ ಒಂದರ ಮೇಲೆ ಇಡುತ್ತಾರೆ: ಕೋಲ್ಮನ್, ಫ್ರಾಂಕನ್, ಇತರೆ. ಪಕ್ಷದವರು ಕತ್ತು ಉದ್ದ ಮಾಡಿ ನೋಡಬಹುದು, ಆಕ್ಷೇಪ ಎತ್ತಬಹುದು, ಕಾಗದ ಮುಟ್ಟುವಂತಿಲ್ಲ. ಆಕ್ಷೇಪ ಬಂದ ಮತಪತ್ರ ಬೇರೆ ಲಕೋಟೆಗೆ ಹೋಗುತ್ತದೆ. ರಾಶಿ ಬೆಳೆಯುತ್ತದೆ, ಎಣಿಸುತ್ತಾರೆ, ಬರೆದುಕೊಳ್ಳುತ್ತಾರೆ, ಮತ್ತೊಂದು ಪೆಟ್ಟಿಗೆ. ಹೊರಗೆ ನವೆಂಬರಿನ ಚಳಿ, ಒಳಗೆ ಕಾಗದದ ಸರಸರ.

2008ರ ನವೆಂಬರ್ 19ರಿಂದ ಅಮೆರಿಕದ ಮಿನ್ನೆಸೋಟಾ ರಾಜ್ಯದುದ್ದಕ್ಕೂ ಇಂಥ ಮೇಜುಗಳನ್ನು ಹಾಕಿದರು. ಸೆನೆಟ್ ಸ್ಥಾನಕ್ಕೆ ಚುನಾವಣೆ ನಡೆದಿತ್ತು. ಹಾಲಿ ಸದಸ್ಯ ರಿಪಬ್ಲಿಕನ್ ಪಕ್ಷದ ನಾರ್ಮ್ ಕೋಲ್ಮನ್. ಎದುರಾಳಿ ಡೆಮಾಕ್ರಟಿಕ್ ಪಕ್ಷದ ಅಲ್ ಫ್ರಾಂಕನ್, ಟೀವಿಯಲ್ಲಿ ನಗಿಸಿ ಹೆಸರು ಮಾಡಿದವರು. ಮೂರನೆಯವರಾದ ಡೀನ್ ಬಾರ್ಕ್ಲಿ ಶೇ 15ರಷ್ಟು ಮತ ಎಳೆದುಕೊಂಡಿದ್ದರು. ಸುಮಾರು 29 ಲಕ್ಷ ಮತಪತ್ರಗಳನ್ನು ಯಂತ್ರಗಳು ಎಣಿಸಿ ಕೊಟ್ಟ ಲೆಕ್ಕದಲ್ಲಿ ಕೋಲ್ಮನ್ 215 ಮತಗಳಿಂದ ಮುಂದಿದ್ದರು. ಅಂತರ ಶೇ 0.5ಕ್ಕಿಂತ ಕಡಿಮೆಯಾದರೆ ಕೈಯಲ್ಲಿ ಮರುಎಣಿಕೆ ಎಂದು ಅಲ್ಲಿನ ಕಾನೂನು ಹೇಳುತ್ತಿತ್ತು. 2004ರಲ್ಲಿ ಸಂತೇಮರಹಳ್ಳಿಯನ್ನು ಒಂದೇ ಮತದಲ್ಲಿ, 2023ರಲ್ಲಿ ಜಯನಗರವನ್ನು 16 ಮತಗಳಲ್ಲಿ ತೀರ್ಮಾನವಾಗಿ ಕಂಡ ನಮಗೆ 215 ದೊಡ್ಡದೆನ್ನಿಸೀತು. ಆದರೆ ಅದು ಒಂದು ವಿಧಾನಸಭಾ ಕ್ಷೇತ್ರದ ಅಂತರವಲ್ಲ, ಇಡೀ ರಾಜ್ಯದ್ದು.

ಮತಪತ್ರವನ್ನು ಯಂತ್ರ ಓದುವ ಬಗೆ ನಮಗೆ ಹೊಸದೇನಲ್ಲ. ಸಿಇಟಿ ಬರೆದ ಮಕ್ಕಳಿರುವ ಮನೆಯಲ್ಲೆಲ್ಲ ಓಎಂಆರ್ ಹಾಳೆ ಗೊತ್ತು. ಇಲ್ಲಿಯೂ ಪ್ರತಿ ಹೆಸರಿನ ಪಕ್ಕ ಮೊಟ್ಟೆಯಾಕಾರದ ಒಂದು ಗುಂಡಿ, ಅದನ್ನು ಪೆನ್ನಿನಿಂದ ತುಂಬಬೇಕು. ಕಾಗದದ ಅಂಚಿನಲ್ಲಿ ಅಚ್ಚಾದ ಕಪ್ಪು ಗೀಟುಗಳನ್ನು ಹಿಡಿದು ಸ್ಕ್ಯಾನರ್ ಯಾವ ಗುಂಡಿ ಎಲ್ಲಿದೆಯೆಂದು ಲೆಕ್ಕ ಹಾಕುತ್ತದೆ. ಅಲ್ಲಿ ಇಂತಿಷ್ಟಕ್ಕಿಂತ ಹೆಚ್ಚು ಕಪ್ಪು ಕಂಡರೆ ಮತ, ಇಲ್ಲವೆಂದರೆ ಖಾಲಿ. ಮತಗಟ್ಟೆಯಲ್ಲಿ ಮತದಾರರೇ ಹಾಳೆಯನ್ನು ಯಂತ್ರದ ಬಾಯಿಗೆ ಕೊಡುತ್ತಾರೆ. ಒಂದೇ ಸ್ಥಾನಕ್ಕೆ ಎರಡು ಗುಂಡಿ ತುಂಬಿದ್ದರೆ ಯಂತ್ರ ಹಾಳೆಯನ್ನು ಹಿಂದಕ್ಕೆ ತಳ್ಳುತ್ತದೆ, ಹೊಸದು ಕೇಳಿ ಪಡೆಯಬಹುದು. ಅಂಚೆಯಲ್ಲಿ ಮತ ಕಳಿಸಿದವರಿಗೆ ಆ ಅವಕಾಶವಿಲ್ಲ. ಅವರ ಹಾಳೆ ಮಡಿಕೆ ಬಿದ್ದು, ಕೆಲವೊಮ್ಮೆ ಹರಿದು ಬರುತ್ತದೆ. ಯಂತ್ರ ನುಂಗದಷ್ಟು ಕೆಟ್ಟಿದ್ದರೆ ಬೇರೆ ಬೇರೆ ಪಕ್ಷಕ್ಕೆ ಸೇರಿದ ಇಬ್ಬರು ಸಿಬ್ಬಂದಿ ಕೂತು ಹೊಸ ಹಾಳೆಗೆ ನಕಲು ಮಾಡಬೇಕು. ಒಂದರ ಮೇಲೆ ‘ಮೂಲ’, ಇನ್ನೊಂದರ ಮೇಲೆ ‘ನಕಲು’, ಎರಡಕ್ಕೂ ಒಂದೇ ಸಂಖ್ಯೆ. ಕೇಳಲು ಸರಳ. ಆದರೆ ಮರುಎಣಿಕೆಯಲ್ಲಿ ನಕಲು ಸಿಗದ ಮೂಲಗಳು ಹೊರಬಂದವು. ಗುರುತು ಹಾಕದ ನಕಲು ಬೇರೆ ರಾಶಿಯಲ್ಲಿ ಸೇರಿಕೊಂಡು, ಒಂದೇ ಮತ ಎರಡು ಸಲ ಲೆಕ್ಕಕ್ಕೆ ಬಂದಿದೆ ಎಂದು ಕೋಲ್ಮನ್ ಕಡೆಯವರು ಕೊನೆಯವರೆಗೂ ವಾದಿಸಿದರು.

ನಮ್ಮ ಗ್ರಾಮ ಪಂಚಾಯಿತಿಯ ಮತಪತ್ರಕ್ಕೆ ಮತಗಟ್ಟೆಯವರು ಕೊಟ್ಟ ಮೊಹರನ್ನೇ ಒತ್ತಬೇಕು. ಹಾಗಾಗಿ ತಕರಾರೆಲ್ಲ ಮೊಹರು ಎಲ್ಲಿ ಬಿತ್ತು ಎನ್ನುವಲ್ಲಿಗೆ ನಿಲ್ಲುತ್ತದೆ. ಮಿನ್ನೆಸೋಟಾದಲ್ಲಿ ಮತದಾರರ ಕೈಯಲ್ಲಿ ಪೆನ್ನಿತ್ತು. ಪೆನ್ನು ಸಿಕ್ಕ ಜನ ಗುಂಡಿ ತುಂಬುವುದೊಂದನ್ನೇ ಮಾಡುವುದಿಲ್ಲ. ಒಬ್ಬರು ಗುಂಡಿಯ ಮೇಲೆ ಅಡ್ಡಗೆರೆ ಎಳೆದಿದ್ದರು. ಒಬ್ಬರು ಹೆಸರಿನ ಸುತ್ತ ವೃತ್ತ ಹಾಕಿದ್ದರು. ಒಬ್ಬರು ಒಂದನ್ನು ತುಂಬಿ, ಅದರ ಮೇಲೆ ಗೀಚಿ, ಇನ್ನೊಂದನ್ನು ತುಂಬಿದ್ದರು. ಯಂತ್ರ ಇವನ್ನು ಖಾಲಿ ಎಂದೋ ಅಸಿಂಧು ಎಂದೋ ಬಿಟ್ಟಿದ್ದೀತು. ಆದರೆ ಮತದಾರರ ಉದ್ದೇಶ ತಿಳಿಯುವಂತಿದ್ದರೆ ಮತ ಎಣಿಸಬೇಕೆಂಬುದು ರಾಜ್ಯದ ಕಾನೂನು. ಯಾರ ಮತ ಎಂದು ಗುರುತು ಹತ್ತುವಂತೆ ಸಹಿ ಮಾಡಿದರೆ ತಿರಸ್ಕಾರ. ಮೇಜಿನ ಸುತ್ತ ಕೂತವರು ಮಾಡುತ್ತಿದ್ದದ್ದು ಎಣಿಕೆಗಿಂತ ಹೆಚ್ಚಾಗಿ ಕೈಬರಹದ ಪರೀಕ್ಷೆ.

ಬೆಲ್ಟ್ರಾಮಿ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ಒಂದು ಹಾಳೆ ಲೋಕಪ್ರಸಿದ್ಧವಾಯಿತು. ಅದರಲ್ಲಿ ಫ್ರಾಂಕನ್ ಹೆಸರಿನ ಗುಂಡಿ ತುಂಬಿದೆ. ಪಟ್ಟಿಯಲ್ಲಿಲ್ಲದ ಹೆಸರನ್ನು ಬರೆಯಲು ಬಿಟ್ಟ ಜಾಗದಲ್ಲಿ ‘ಹಲ್ಲಿ ಮನುಷ್ಯರು’ ಎಂದು ಬರೆದಿದೆ. ಹಾಗೆಂಬ ಅಭ್ಯರ್ಥಿಯೇ ಇಲ್ಲವಾದ್ದರಿಂದ ಇದು ಫ್ರಾಂಕನ್ ಮತವೇ ಎಂದು ಅವರ ವಕೀಲರು ಗಂಭೀರವಾಗಿ ವಾದಿಸಿದರು. ಎರಡು ಕಡೆ ಗುರುತು ಹಾಕಿದಂತೆ ಎಂದು ಆಕ್ಷೇಪಗಳನ್ನು ತೀರ್ಮಾನಿಸುವ ಮಂಡಳಿ ತಳ್ಳಿಹಾಕಿತು. ಬರೆದ ಪುಣ್ಯಾತ್ಮ ತಮಾಷೆಗೆ ಬರೆದದ್ದಿರಬೇಕು. ಅದಕ್ಕೆ ಇಷ್ಟು ಜನ ನ್ಯಾಯಾಧೀಶರ ತಲೆ ಕೆಡುತ್ತದೆಂದು ಅವರಿಗೆ ಗೊತ್ತಿದ್ದೀತೇ?

ಆ ಮಂಡಳಿಯಲ್ಲಿ ಐವರು: ರಾಜ್ಯದ ಚುನಾವಣೆಗಳ ಹೊಣೆ ಹೊತ್ತ ಸೆಕ್ರೆಟರಿ ಆಫ್ ಸ್ಟೇಟ್ ಮಾರ್ಕ್ ರಿಚೀ, ರಾಜ್ಯದ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಾಧೀಶರು, ಕೆಳಗಿನ ನ್ಯಾಯಾಲಯದ ಇಬ್ಬರು. ಎರಡೂ ಕಡೆಯವರು ಎತ್ತಿದ ಆಕ್ಷೇಪಗಳು ಆರು ಸಾವಿರ ದಾಟಿದ್ದವು. ಎದುರಾಳಿಯ ರಾಶಿ ಕರಗಿಸಲು ಎತ್ತಿದವೇ ಬಹಳ. ಡಿಸೆಂಬರ್ ಹೊತ್ತಿಗೆ ಹೆಚ್ಚಿನವನ್ನು ತಾವಾಗಿ ಹಿಂತೆಗೆದುಕೊಂಡರು. ಉಳಿದವನ್ನು ಮಂಡಳಿ ಎಲ್ಲರೆದುರು ಒಂದೊಂದಾಗಿ ನೋಡಿ ತೀರ್ಪು ಕೊಟ್ಟಿತು. ಪತ್ರಿಕೆಗಳು ಆ ಹಾಳೆಗಳ ಚಿತ್ರ ಹಾಕಿ ‘ನೀವೇ ಹೇಳಿ’ ಎಂದವು. ಜನ ಮನೆಯಲ್ಲಿ ಕೂತು ತೀರ್ಪು ಕೊಟ್ಟರು.

ನನ್ನ ಮಟ್ಟಿಗೆ ಇಡೀ ಪ್ರಕರಣದ ತಿರುಳು ಎರಡು ಸಣ್ಣ ಘಟನೆಗಳಲ್ಲಿದೆ. ಮೇಪಲ್‌ವುಡ್ ಎಂಬಲ್ಲಿ ಮತದಾನದ ದಿನ ಸ್ಕ್ಯಾನರ್ ಕೆಟ್ಟು, ಬದಲಿ ಯಂತ್ರ ತಂದಿದ್ದರು. ಮೊದಲಿನದು ನುಂಗಿದ್ದ ಹಾಳೆಗಳನ್ನು ಮತ್ತೆ ಹಾಯಿಸಲು ಮರೆತಿದ್ದರು. ಕೈಯೆಣಿಕೆಯಲ್ಲಿ 171 ಮತಪತ್ರಗಳು ಹೆಚ್ಚಿಗೆ ಸಿಕ್ಕವು, ಫ್ರಾಂಕನ್ ಅವರಿಗೆ 37 ಮತಗಳ ಲಾಭ. ಅಲ್ಲಿ ಯಂತ್ರದ ತಪ್ಪು ಲೆಕ್ಕವನ್ನು ಕಾಗದ ತಿದ್ದಿತು. ಮಿನಿಯಾಪೊಲಿಸ್‌ನಲ್ಲಿ ವಿಶ್ವವಿದ್ಯಾಲಯದ ಪಕ್ಕದ ಒಂದು ಮತಗಟ್ಟೆಯಲ್ಲಿ ಇದರ ತಲೆಕೆಳಗು. ಯಂತ್ರದ ಲೆಕ್ಕಕ್ಕಿಂತ 133 ಹಾಳೆ ಕಮ್ಮಿ. ಐದು ಲಕೋಟೆಗಳಲ್ಲಿ ಮೊದಲನೆಯದು ಕಾಣೆ. ಗೋದಾಮು ಜಾಲಾಡಿದರೂ ಸಿಗಲಿಲ್ಲ. ಮತದಾನದ ರಾತ್ರಿ ಯಂತ್ರ ಅಚ್ಚು ಹಾಕಿದ್ದ ಲೆಕ್ಕದ ಪಟ್ಟಿ ಇತ್ತು. ಮಂಡಳಿ ಅದನ್ನೇ ಒಪ್ಪಿತು. ಕಾಗದವೇ ಪರಮ ಎನ್ನುವವರೂ ಯಂತ್ರವೇ ಸಾಕು ಎನ್ನುವವರೂ ಈ ಎರಡನ್ನು ಒಟ್ಟಿಗೆ ಇಟ್ಟು ನೋಡಬೇಕು. ಇಲ್ಲಿ ಒಂದಕ್ಕೊಂದು ಸಾಕ್ಷಿ ನಿಂತದ್ದರಿಂದ ಲೆಕ್ಕ ಉಳಿಯಿತು.

ಅಷ್ಟೂ ಆದ ಮೇಲೆ ಫ್ರಾಂಕನ್ 49 ಮತಗಳಿಂದ ಮುಂದಾದರು. ತಪ್ಪಾಗಿ ತಿರಸ್ಕರಿಸಿದ್ದ 933 ಅಂಚೆ ಮತಗಳನ್ನು ಜನವರಿ 3ರಂದು ಬಿಚ್ಚಿದಾಗ ಅಂತರ 225 ಆಯಿತು. ಕೋಲ್ಮನ್ ಕೋರ್ಟಿಗೆ ಹೋದರು. ಏಪ್ರಿಲ್‌ನಲ್ಲಿ ಇನ್ನೂ 351 ಲಕೋಟೆ ಬಿಚ್ಚಲಾಗಿ ಅಂತರ 312ಕ್ಕೆ ನಿಂತಿತು. ಜೂನ್ 30ರಂದು ರಾಜ್ಯದ ಸುಪ್ರೀಂ ಕೋರ್ಟ್ ಒಮ್ಮತದ ತೀರ್ಪು ಕೊಟ್ಟಿತು, ಕೋಲ್ಮನ್ ಸೋಲೊಪ್ಪಿದರು. ಅರ್ಧ ವರ್ಷ ಮಿನ್ನೆಸೋಟಾಕ್ಕೆ ಒಬ್ಬರೇ ಸೆನೆಟರ್.

ಪ್ರತಿ ಚುನಾವಣೆಯಲ್ಲೂ ಹೀಗೆ ಎಲ್ಲ ಪೆಟ್ಟಿಗೆ ಬಿಚ್ಚಿ ಕೂರಲಾಗುವುದಿಲ್ಲ. ಬರ್ಕ್ಲಿ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರಜ್ಞ ಫಿಲಿಪ್ ಸ್ಟಾರ್ಕ್ ಇದಕ್ಕೊಂದು ದಾರಿ ತೋರಿಸಿದರು: ಕಣ್ಣು ಮುಚ್ಚಿ ಕೆಲವೇ ಹಾಳೆ ಎತ್ತಿ, ಯಂತ್ರದ ದಾಖಲೆಗೆ ಹೋಲಿಸಿ ನೋಡುವುದು. ಗೆಲುವಿನ ಅಂತರ ದೊಡ್ಡದಿದ್ದರೆ ಕಡಿಮೆ ಹಾಳೆ ಸಾಕು, ಸಣ್ಣದಾದಷ್ಟೂ ಹೆಚ್ಚು ಬೇಕು. ಇದನ್ನು ರಾಜ್ಯವಿಡೀ ಮೊದಲು ಮಾಡಿದ್ದು ಕೊಲರಾಡೊ, 2017ರ ನವೆಂಬರಿನಲ್ಲಿ. ಕೌಂಟಿಗಳು ತಂತಮ್ಮ ಯಂತ್ರದ ದಾಖಲೆ ಸಲ್ಲಿಸಿದ ಮೇಲೆ, ಆಮೇಲೆ ತಿದ್ದಲಾಗದಂತೆ ಅದಕ್ಕೆ ಬೀಗ ಹಾಕಿದ ಮೇಲೆ, ಡೆನ್ವರ್‌ನಲ್ಲಿ ಸಾರ್ವಜನಿಕರ ಎದುರು ದಾಳ ಉರುಳಿಸುತ್ತಾರೆ. ಪಗಡೆಯ ದಾಳವಲ್ಲ, ಹತ್ತು ಮುಖದ್ದು. ಇಪ್ಪತ್ತು ಸಲ ಬಿದ್ದ ಅಂಕಿ ಸೇರಿ ಇಪ್ಪತ್ತಂಕಿಯ ಒಂದು ಸಂಖ್ಯೆ. ಯಾವ ಪೆಟ್ಟಿಗೆಯ ಎಷ್ಟನೆಯ ಹಾಳೆ ಎತ್ತಬೇಕೆಂಬುದನ್ನು ಕಂಪ್ಯೂಟರು ಆ ಸಂಖ್ಯೆಯಿಂದ ಹೆಕ್ಕುತ್ತದೆ. ಅದೇ ಸಂಖ್ಯೆ ಹಾಕಿ ಯಾರು ಬೇಕಾದರೂ ಮನೆಯಲ್ಲೇ ಮತ್ತೆ ಹೆಕ್ಕಿ ನೋಡಬಹುದು.

ನಮ್ಮಲ್ಲೂ 2019ರಿಂದ ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಐದು ಮತಗಟ್ಟೆಗಳನ್ನು ಚೀಟಿ ಎತ್ತಿ ಆರಿಸಿ, ವಿವಿಪ್ಯಾಟ್ ಚೀಟಿಗಳನ್ನು ಎಣಿಸಿ, ಇವಿಎಂ ಲೆಕ್ಕಕ್ಕೆ ತಾಳೆ ನೋಡುತ್ತಾರೆ. ಆದರೆ ಅಂತರ ಹತ್ತಿರದ್ದಿರಲಿ ದೂರದ್ದಿರಲಿ, ಐದೇ. ಅಲ್ಲದೆ ವಿವಿಪ್ಯಾಟ್ ಚೀಟಿಯನ್ನು ಅಚ್ಚು ಹಾಕುವುದು ಯಂತ್ರ. ಮತದಾರರು ಅದನ್ನು ಗಾಜಿನಾಚೆ ಏಳು ಸೆಕೆಂಡು ನೋಡುತ್ತಾರೆ, ಅಷ್ಟೆ.

ಕೊಲರಾಡೊದ ಕೌಂಟಿ ಕಚೇರಿಯಲ್ಲಿ ಎರಡು ಪಕ್ಷದ ಇಬ್ಬರು ಪೆಟ್ಟಿಗೆಯ ಸೀಲು ನೋಡಿ, ಒಡೆದು, ಹೇಳಿದಷ್ಟನೆಯ ಹಾಳೆಯವರೆಗೆ ಬೆರಳಲ್ಲಿ ಎಣಿಸುತ್ತಾ ಹೋಗುತ್ತಾರೆ. ಹಾಳೆ ಎತ್ತಿ, ತಮಗೆ ಕಂಡದ್ದನ್ನು ಕಂಪ್ಯೂಟರಿಗೆ ತುಂಬುತ್ತಾರೆ. ಯಂತ್ರ ಅದನ್ನು ಹೇಗೆ ಓದಿತ್ತು ಎಂಬುದು ಆ ಹೊತ್ತಿಗೆ ಅವರಿಗೆ ಕಾಣುವುದಿಲ್ಲ. ತಾಳೆಯಾದರೆ ಸಹಿ ಹಾಕಿ ಎದ್ದರು. ವ್ಯತ್ಯಾಸ ಹೆಚ್ಚು ಕಂಡರೆ ಇನ್ನೊಂದು ಸುತ್ತು, ಇನ್ನಷ್ಟು ಹಾಳೆ. ಆಗಲೂ ಖಾತ್ರಿಯಾಗದಿದ್ದರೆ ಸುತ್ತುಗಳು ಬೆಳೆಯುತ್ತಾ ಬೆಳೆಯುತ್ತಾ ಎಲ್ಲ ಪೆಟ್ಟಿಗೆಗಳನ್ನೂ ತೆರೆಯಬೇಕಾಗುತ್ತದೆ, ಕೈಯಲ್ಲೇ ಎಣಿಸಬೇಕಾಗುತ್ತದೆ.