ನಿಮ್ಮ ಕೀಬೋರ್ಡಿಗೆ 'ಬತ್ತೀನಿ' ಹೇಳಿಕೊಟ್ಟೋರು ಯಾರು?

ಕೊಳ್ಳೇಗಾಲ ಬಸ್‌ಸ್ಟ್ಯಾಂಡಲ್ಲಿ ಇಯರ್‌ಫೋನ್ ಹಾಕ್ಕೊಂಡು ನಿಂತಿರೋರಿಗೂ, ಹನೂರು, ಯಳಂದೂರು ಕಡೆಯಿಂದ ಕೇಳ್ತಿರೋರಿಗೂ ಒಂದು ಮಾತು. ಇವತ್ತಿನ ವಿಷಯ ನಿಮ್ಮ ಹೆಬ್ಬೆರಳ ಕೆಳಗೇ ಇದೆ: ಕೀಬೋರ್ಡ್.

ವಾಟ್ಸಾಪಲ್ಲಿ 'ಬರುತ್ತೇನೆ' ಅಂತ ನಮ್ಮಲ್ಲಿ ಎಷ್ಟು ಜನ ಬರೀತೀವಿ? ನಮ್ದು 'ಬತ್ತೀನಿ'. ಹೊಸ ಫೋನಲ್ಲಿ ಹಾಗೆ ಬರೆದ್ರೆ ಕೀಬೋರ್ಡ್ ಇನ್ನೇನೋ ತೋರಿಸಬಹುದು. ಕೆಲವು ದಿನ ಬಿಟ್ಟು ನೋಡಿ, ಒಂದೆರಡು ಅಕ್ಷರ ಒತ್ತೋಷ್ಟರಲ್ಲೇ 'ಬತ್ತೀನಿ' ಮೇಲೆ ಬಂದು ಕೂತಿರುತ್ತೆ.

ಅದು ಅರ್ಥ ಮಾಡ್ಕೊಂಡು ಕಲಿತದ್ದಲ್ಲ, ಲೆಕ್ಕ ಇಟ್ಟು ಕಲಿತದ್ದು. ಕಾಮರ್ಸ್ ಓದಿದ ನನಗೆ ಇದು ಲೆಡ್ಜರ್ ಥರಾನೇ ಕಾಣುತ್ತೆ. ಪ್ರತಿ ಪದಕ್ಕೂ ಒಂದು ಖಾತೆ. ನೀವು ಬಳಸಿದಾಗೆಲ್ಲ ಅದಕ್ಕೆ ಜಮೆ. ಅದು ತಿದ್ದಿದ್ದನ್ನ ನೀವು ಅಳಿಸಿ ನಿಮ್ಮ ಪದಾನೇ ಮತ್ತೆ ಬರೆದ್ರೆ, ಅದರ ಊಹೆಗೆ ಖರ್ಚು. ಜೊತೆಗೆ ಬೆರಳು ಯಾವ ಕೀಲಿಯ ಹತ್ತಿರ ಬಿತ್ತು, ಹಿಂದಿನ ಪದ ಯಾವುದು ಅಂತಾನೂ ನೋಡುತ್ತೆ. ಅಮಾವಾಸ್ಯೆಗೆ ಬೆಟ್ಟಕ್ಕೆ ಹೋಗೋರ ಫೋನಲ್ಲಿ 'ಉಘೇ' ಆದ್ಮೇಲೆ 'ಮಾದಪ್ಪ' ತಾನಾಗೇ ಬರೋದು ಹೀಗೆ. ಭಕ್ತಿ ಅಲ್ಲ, ಎಣಿಕೆ!

ಎಣಿಕೆ ಆದ್ದರಿಂದ ಸರಿ ತಪ್ಪು ಅದಕ್ಕೆ ಗೊತ್ತಾಗಲ್ಲ. ಊರ ಹೆಸರನ್ನ ಹತ್ತು ಸಲ ತಪ್ಪಾಗಿ ಬರೆದ್ರೆ ಅದನ್ನೂ ಕಲಿತುಬಿಡುತ್ತೆ.

ಕನ್ನಡದಲ್ಲಿ ಇನ್ನೊಂದು ತಾಪತ್ರಯ ಇದೆ. ಇಂಗ್ಲಿಷಲ್ಲಿ ಊರ ಹೆಸರು ಒಂದು ಸಲ ಕಲಿತ್ರೆ ಬಹುಪಾಲು ಮುಗೀತು. ನಮ್ಮಲ್ಲಿ ಕೊಳ್ಳೇಗಾಲಕ್ಕೆ, ಕೊಳ್ಳೇಗಾಲದಿಂದ, ಕೊಳ್ಳೇಗಾಲದವ್ನು, ಕೊಳ್ಳೇಗಾಲದಲ್ಲೇ... ಪದಗಳ ಪಟ್ಟಿ ಇಟ್ಕೊಂಡು ಹುಡುಕೋ ಕೀಬೋರ್ಡಿಗೆ ಇವೆಲ್ಲ ಬೇರೆ ಬೇರೆ ಪದ. ಅದರ ಮೇಲೆ ಎಷ್ಟೋ ಜನ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೀತಾರೆ, ಒಬ್ಬೊಬ್ಬರ ಸ್ಪೆಲ್ಲಿಂಗ್ ಒಂದೊಂದು ಥರ. ಕೀಬೋರ್ಡ್ ಪಾಡು ನೀವೇ ಯೋಚಿಸಿ.

ಸರಿ, ಕಲಿತದ್ದೆಲ್ಲ ಎಲ್ಲಿಗೆ ಹೋಗುತ್ತೆ? ನಿಮ್ಮ ಸ್ವಂತ ಪದಗಳ ಪಟ್ಟಿ ಮುಖ್ಯವಾಗಿ ಫೋನಲ್ಲೇ ಇರುತ್ತೆ. ಗೂಗಲ್ 2017ರಲ್ಲಿ ಜಿಬೋರ್ಡ್‌ಗೆ 'ಫೆಡರೇಟೆಡ್ ಲರ್ನಿಂಗ್' ಅನ್ನೋ ವಿಧಾನ ತರ್ತಿರೋದಾಗಿ ಹೇಳ್ತು. ಫೋನ್ ಚಾರ್ಜಿಗೆ ಹಾಕಿ, ವೈಫೈ ಇದ್ದು, ಸುಮ್ಮನೆ ಬಿದ್ದಿದ್ದಾಗ ಲೆಕ್ಕ ಅಲ್ಲೇ ನಡೆಯುತ್ತೆ. ಕಂಪನಿಗೆ ಹೋಗೋದು ನಿಮ್ಮ ಮೆಸೇಜ್ ಅಲ್ಲ, ಲೆಕ್ಕದಲ್ಲಾದ ಬದಲಾವಣೆ ಮಾತ್ರ. ಅಲ್ಲಿ ಸಾವಿರಾರು ಫೋನಿನದ್ದು ಒಟ್ಟು ಸೇರುತ್ತೆ.

ನನ್ನ ಕೇಳಿದ್ರೆ, ನಿಮಗೆ ಹತ್ತಿರದ ಅಪಾಯ ಕಂಪನಿ ಅಲ್ಲ, ಮನೆಯೋರು. ಒಂದೇ ಫೋನನ್ನ ಅಮ್ಮ, ತಮ್ಮ, ನೀವು ಮೂರು ಜನ ಹಿಡಿದ್ರೆ ಒಂದೇ ಖಾತೆಗೆ ಮೂರೂ ಜನರ ಜಮೆ. ಪಾಸ್‌ವರ್ಡ್ ಬಾಕ್ಸಲ್ಲಿ ಬರೆದದ್ದನ್ನ ಸಾಮಾನ್ಯವಾಗಿ ಕಲಿಯಲ್ಲ. ಆದ್ರೆ ಅದೇ ಪಾಸ್‌ವರ್ಡನ್ನ ಗೆಳೆಯನಿಗೆ ಚಾಟಲ್ಲಿ ಕಳಿಸಿದ್ರೆ, ಅದೂ ಇನ್ನೊಂದು ಪದ ಅಷ್ಟೇ. ಅಮ್ಮ 'ಊಟಕ್ಕೆ ಬಾ' ಅಂತ ಬರೆಯೋಕೆ ಹೋದಾಗ ನಿಮ್ಮ ಗುಟ್ಟಿನ ಹೆಸರು ಮೇಲೆ ಬರಬಹುದು.

ಜಿಬೋರ್ಡಲ್ಲಾದ್ರೆ, ಬೇಡದ ಪದ ಮೇಲೆ ಬಂದಾಗ ಅದನ್ನ ಒತ್ತಿಹಿಡಿದು ಕಸದಬುಟ್ಟಿ ಗುರುತಿಗೆ ಎಳೀರಿ. ಪೂರ್ತಿ ಅಳಿಸಬೇಕಾ? ಕೀಬೋರ್ಡ್ ಸೆಟ್ಟಿಂಗ್ಸಲ್ಲಿ ಪ್ರೈವೆಸಿ ಒಳಗೆ ಕಲಿತ ಪದಗಳನ್ನ ಡಿಲೀಟ್ ಮಾಡೋ ಆಯ್ಕೆ ಇದೆ. ಒತ್ತೋ ಮುಂಚೆ ಒಂದು ಮಾತು: ಗುಟ್ಟಿನ ಜೊತೆ 'ಬತ್ತೀನಿ'ನೂ ಹೋಗುತ್ತೆ. ಮತ್ತೆ ಮೊದಲಿಂದ ಹೇಳಿಕೊಡಬೇಕು.