ವಿದ್ವತ್ಸಂಘವೂ ವನ್ಯಜೀವಿ ನೀತಿಯೂ: ರಣಹದ್ದುಗಳ ಒಂದು ನಿದರ್ಶನ

ವನ್ಯಜೀವಿಗಳ ರಕ್ಷಣೆಗಾಗಿ ಶಾಸನವನ್ನು ರಚಿಸುವ ಅಧಿಕಾರ ಸರ್ಕಾರದ್ದು. ಅದನ್ನು ಆಚರಣೆಗೆ ತರುವ ಹೊಣೆ ಇಲಾಖೆಗಳದ್ದು. ಪ್ರಾಣಿಗಳ ಜೀವನಕ್ರಮವನ್ನು ಅಭ್ಯಸಿಸುವುದಕ್ಕಾಗಿಯೇ ಏರ್ಪಟ್ಟಿರುವ ವಿದ್ವತ್ಸಂಘಗಳಿಗೆ ಈ ಎರಡರಲ್ಲಿ ಯಾವುದೂ ಇಲ್ಲ. ಹೀಗಿದ್ದೂ ಅಂಥ ಸಂಘದ ಮಾತು ನೀತಿನಿರೂಪಣೆಯಲ್ಲಿ ಸಲ್ಲುವುದುಂಟು. ಅದು ಸಲ್ಲಬೇಕಾದರೆ ಸಂಘವು ಏನೇನು ಮಾಡಬೇಕಾಗುತ್ತದೆ ಎಂಬುದನ್ನು ನಮ್ಮ ದೇಶದಲ್ಲಿಯೇ ನಡೆದ ಒಂದು ಪ್ರಸಂಗದ ಮೂಲಕ ಇಲ್ಲಿ ವಿವೇಚಿಸಲು ಬಯಸುತ್ತೇವೆ.

ಮುಂಬಯಿಯ ನಿಸರ್ಗ ಇತಿಹಾಸ ಸಂಘವು 1883ರಲ್ಲಿ ಸ್ಥಾಪಿತವಾಯಿತು. ಅದರ ನಿಯತಕಾಲಿಕ 1886ರಿಂದ ಪ್ರಕಟವಾಗುತ್ತ ಬಂದಿದೆ. ಸರ್ಕಾರಕ್ಕೆ ಸಲಹೆ ನೀಡುವ ಸ್ಥಾನಗಳೂ ನಮ್ಮಲ್ಲಿ ಹೊಸತಲ್ಲ. 1952ರಲ್ಲಿ ರಚಿತವಾದ ಕೇಂದ್ರ ವನ್ಯಜೀವಿ ಮಂಡಲಿಯ ಮೊದಲ ಅಧಿವೇಶನವು ಮೈಸೂರಿನಲ್ಲಿಯೇ, ಜಯಚಾಮರಾಜ ಒಡೆಯರ ಅಧ್ಯಕ್ಷತೆಯಲ್ಲಿ ನಡೆಯಿತು. ಇಂದಿನ ರಾಷ್ಟ್ರೀಯ ವನ್ಯಜೀವಿ ಮಂಡಲಿಗೆ ಪ್ರಧಾನಮಂತ್ರಿಗಳು ಅಧ್ಯಕ್ಷರು. ಸರ್ಕಾರೇತರ ಸಂಸ್ಥೆಗಳ ಪ್ರತಿನಿಧಿಗಳಿಗೂ ಅದರಲ್ಲಿ ಸ್ಥಾನವುಂಟು. ಆದರೆ ಪೀಠ ದೊರೆತ ಮಾತ್ರಕ್ಕೆ ಮಾತಿಗೆ ತೂಕ ಬರುವುದಿಲ್ಲ. ಆ ತೂಕ ಬರುವುದು ದೀರ್ಘಕಾಲದ ಎಣಿಕೆಯಿಂದ.

ರಾಜಸ್ಥಾನದ ಭರತಪುರದ ಕೇವಲಾದೇವ ಉದ್ಯಾನದಲ್ಲಿ ಈ ಸಂಘದ ಸಂಶೋಧಕರು 1980ರ ದಶಕದಲ್ಲಿ ಪಕ್ಷಿಗಳ ವಿಸ್ತಾರವಾದ ಅಧ್ಯಯನವನ್ನು ಕೈಗೊಂಡಿದ್ದರು. 1987–88ರಲ್ಲಿ ಅಲ್ಲಿ ಬಿಳಿಬೆನ್ನಿನ ರಣಹದ್ದಿನ 353 ಗೂಡುಗಳಿದ್ದವು. ಆಗ ಈ ಹಕ್ಕಿ ದೇಶದ ಉದ್ದಗಲಕ್ಕೂ ಕಾಣಸಿಗುತ್ತಿದ್ದು, ಅದನ್ನು ಎಣಿಸುವುದೇ ವ್ಯರ್ಥಶ್ರಮವೆಂದು ಕೆಲವರಿಗೆ ತೋರಿದ್ದರೆ ಆಶ್ಚರ್ಯವಿಲ್ಲ. 1996ರಲ್ಲಿ ಮರಳಿ ಎಣಿಸಿದಾಗ ಗೂಡುಗಳು 150ಕ್ಕೆ ಇಳಿದಿದ್ದವು. ಮುಂದಿನ ಕೆಲವೇ ವರ್ಷಗಳಲ್ಲಿ ಬಹುಮಟ್ಟಿಗೆ ಬರಿದಾದವು. ವಿಭು ಪ್ರಕಾಶ್ ಅವರು ಈ ಕುಸಿತವನ್ನು 1999ರಲ್ಲಿ ಸಂಘದ ನಿಯತಕಾಲಿಕದಲ್ಲಿಯೇ ಪ್ರಕಟಿಸಿದರು. ಒಂದು ಉದ್ಯಾನದ ಸಂಗತಿ ಇಡೀ ದೇಶಕ್ಕೆ ಅನ್ವಯಿಸುವುದೇ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. 1990ರ ದಶಕದ ಆರಂಭದಲ್ಲಿ ರಸ್ತೆಗಳ ಉದ್ದಕ್ಕೂ ನಡೆಸಿದ್ದ ಗಣತಿಯನ್ನು 2000ದಲ್ಲಿ ಮತ್ತೊಮ್ಮೆ ನಡೆಸಿದಾಗ, ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಹಕ್ಕಿಗಳು ಇಲ್ಲವಾಗಿದ್ದುದು ಸ್ಪಷ್ಟಪಟ್ಟಿತು. ಹಿಂದಿನ ಅಂಕಿಗಳು ಇಲ್ಲದಿದ್ದಲ್ಲಿ ಈ ನಷ್ಟವನ್ನು ಯಾರೂ ಪ್ರಮಾಣಪೂರ್ವಕವಾಗಿ ತೋರಿಸಲಾಗುತ್ತಿರಲಿಲ್ಲ.

ಕಾರಣವನ್ನು ಕಂಡುಹಿಡಿಯುವುದು ಎರಡನೆಯ ಹಂತ. ಸೋಂಕುರೋಗವೊಂದು ಹಬ್ಬಿರಬೇಕೆಂದು ಮೊದಲು ಹಲವರು ಊಹಿಸಿದರು. ಪಾಕಿಸ್ತಾನದಲ್ಲಿ ಲಿಂಡ್ಸೆ ಓಕ್ಸ್ ಮತ್ತು ಅವರ ಸಂಗಡಿಗರು ನಡೆಸಿದ ಪರೀಕ್ಷೆಗಳಿಂದ ನಿಜಸಂಗತಿ ಬೆಳಕಿಗೆ ಬಂದು, 2004ರಲ್ಲಿ ಪ್ರಕಟವಾಯಿತು. ದನಗಳಿಗೆ ನೋವು, ಬಾವುಗಳ ನಿವಾರಣೆಗಾಗಿ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ಔಷಧವು ಸತ್ತ ದನದ ಮಾಂಸದ ಮೂಲಕ ರಣಹದ್ದಿನ ದೇಹವನ್ನು ಸೇರಿ ಮೂತ್ರಪಿಂಡವನ್ನು ಕೆಡಿಸುತ್ತಿತ್ತು. ಭಾರತ, ನೇಪಾಳಗಳಲ್ಲಿ ಸಂಗ್ರಹಿಸಿದ ರಣಹದ್ದುಗಳ ಕಳೇಬರಗಳಲ್ಲಿಯೂ ಇದೇ ಲಕ್ಷಣ ಕಂಡಿತು. ಮಾರಕ ಪ್ರಮಾಣದ ಔಷಧವು ನೂರರಲ್ಲಿ ಒಂದಕ್ಕಿಂತ ಕಡಿಮೆ ದನಗಳ ಶವಗಳಲ್ಲಿದ್ದರೂ ಇಷ್ಟು ದೊಡ್ಡ ನಾಶಕ್ಕೆ ಸಾಕೆಂದು ಲೆಕ್ಕಾಚಾರಗಳು ತೋರಿಸಿದವು. ಒಂದೇ ಶವಕ್ಕೆ ಹತ್ತಾರು ಹಕ್ಕಿಗಳು ಎರಗುತ್ತವೆ. ವರ್ಷಕ್ಕೆ ಒಂದೇ ಮೊಟ್ಟೆಯಿಡುವ ಈ ಕುಲವು ಸತ್ತವನ್ನು ಬೇಗನೆ ತುಂಬಿಕೊಳ್ಳಲಾರದು.

ಮೂರನೆಯ ಹಂತವೇ ನೀತಿಯದು. ಕೇವಲ ನಿಷೇಧವನ್ನು ಕೇಳಿದ್ದರೆ ಸಂಘವು ಪಶುಪಾಲಕನ ವಿರುದ್ಧ ನಿಂತಂತಾಗುತ್ತಿತ್ತು. ನೋವುಣ್ಣುವ ಎತ್ತಿಗೆ ಮದ್ದು ಬೇಡವೆನ್ನುವುದು ನ್ಯಾಯವೂ ಅಲ್ಲ, ನಡೆಯುವ ಮಾತೂ ಅಲ್ಲ. ಆದುದರಿಂದ ಸಂಘವು ಇತರ ಸಂಸ್ಥೆಗಳ ಜೊತೆಗೂಡಿ ಬದಲಿ ಔಷಧದ ಪರೀಕ್ಷೆಯಲ್ಲಿ ಪಾಲುಗೊಂಡಿತು. ಮೆಲೊಕ್ಸಿಕಾಮ್ ಎಂಬುದು ರಣಹದ್ದಿಗೆ ನಿರಪಾಯಕಾರಿ ಎಂಬ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಮೇ ತಿಂಗಳಿನಲ್ಲಿ, ಪಶುಚಿಕಿತ್ಸೆಯ ಡೈಕ್ಲೊಫೆನಾಕ್ ತಯಾರಿಕೆಯ ಪರವಾನಗಿಗಳನ್ನು ಹಿಂತೆಗೆದುಕೊಳ್ಳುವಂತೆ ಕೇಂದ್ರ ಔಷಧ ನಿಯಂತ್ರಕರು ರಾಜ್ಯಗಳಿಗೆ ಸೂಚಿಸಿದರು. ಹೀಗೆ ಒಂದು ಕೈಯಲ್ಲಿ ದೋಷದ ಪ್ರಮಾಣವನ್ನೂ ಇನ್ನೊಂದು ಕೈಯಲ್ಲಿ ಪರಿಹಾರವನ್ನೂ ಹಿಡಿದು ಹೋದ ಸಂಘದ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ.

ಆದೇಶವು ಹೊರಟೊಡನೆ ಕಾರ್ಯ ಮುಗಿಯಿತೆಂದು ಭಾವಿಸುವುದು ಸಾಮಾನ್ಯ ದೋಷ. ಸಂಶೋಧಕರು ಸತ್ತ ದನಗಳ ಯಕೃತ್ತಿನ ಮಾದರಿಗಳನ್ನು ನಿಷೇಧಕ್ಕೆ ಮುನ್ನವೂ ಅನಂತರವೂ ಪರೀಕ್ಷಿಸಿದರು. ಔಷಧದ ಅಂಗಡಿಗಳಲ್ಲಿ ವಿಚಾರಿಸಿದರು. ಔಷಧದ ಬಳಕೆ ತಗ್ಗಿದ್ದರೂ ನಿಂತಿರಲಿಲ್ಲ. ಮನುಷ್ಯರಿಗೆಂದು ದೊಡ್ಡ ಸೀಸೆಗಳಲ್ಲಿ ತುಂಬಿದ ಔಷಧವೇ ಕೊಟ್ಟಿಗೆಯ ದಾರಿ ಹಿಡಿದಿತ್ತು. ಈ ಆಧಾರದ ಬಲದಿಂದ 2015ರಲ್ಲಿ ಸರ್ಕಾರವು ಮನುಷ್ಯರ ಬಳಕೆಯ ಚುಚ್ಚುಮದ್ದಿನ ಸೀಸೆಯನ್ನು 3 ಮಿಲಿಲೀಟರಿಗೆ ಸೀಮಿತಗೊಳಿಸಿತು. ತಯಾರಕರು ಇದನ್ನು ಪ್ರಶ್ನಿಸಿದಾಗ ಮದರಾಸು ಉಚ್ಚ ನ್ಯಾಯಾಲಯವು 2017ರಲ್ಲಿ ಸರ್ಕಾರದ ಆದೇಶವನ್ನು ಎತ್ತಿಹಿಡಿಯಿತು. ಇಂಥದೇ ಅಪಾಯವುಳ್ಳ ಕೀಟೊಪ್ರೊಫೆನ್, ಅಸಿಕ್ಲೊಫೆನಾಕ್ ಎಂಬ ಔಷಧಗಳು ಪಶುಚಿಕಿತ್ಸೆಯಲ್ಲಿ ನಿಷಿದ್ಧವಾದುದು 2023ರಲ್ಲಿ. ಮೊದಲ ಆದೇಶಕ್ಕೂ ಇದಕ್ಕೂ ನಡುವೆ ಹದಿನೇಳು ವರ್ಷಗಳು ಸಂದಿದ್ದವು.

ಈ ವಿಳಂಬದ ಬೆಲೆಯನ್ನು ಮರೆಯಲಾಗದು. 2007ರ ಹೊತ್ತಿಗೆ ಬಿಳಿಬೆನ್ನಿನ ರಣಹದ್ದು ಹದಿನೈದು ವರ್ಷಗಳ ಹಿಂದಿದ್ದುದರ ಸಾವಿರದಲ್ಲೊಂದು ಭಾಗವಾಗಿ ಉಳಿದಿತ್ತು. ಊರ ಹೊರಗೆ ಕೊಳೆಯುವ ಶವಗಳಿಗೆ ಬೀದಿನಾಯಿಗಳು ಒಡೆಯರಾದವು. ನಮ್ಮ ರಾಜ್ಯದಲ್ಲಿ ರಾಮನಗರದ ರಾಮದೇವರಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಲಾಯಿತು. ಬೆಟ್ಟಕ್ಕೆ ಎಲ್ಲೆ ಕಟ್ಟಬಹುದು. ಆದರೆ ಹತ್ತಾರು ಹರದಾರಿ ಹಾರಿಹೋಗಿ ಆಹಾರ ಹುಡುಕುವ ಹಕ್ಕಿಗೆ ಎಲ್ಲೆಯಿಲ್ಲ. ಆದ್ದರಿಂದ ಸುತ್ತಲ ಊರುಗಳ ಪಶುವೈದ್ಯನ ಚೀಲವೂ ಆ ಧಾಮದ ಒಂದು ಭಾಗವೆಂದೇ ತಿಳಿಯಬೇಕು.

ಮೇಲಿನ ವಿವೇಚನೆಯಿಂದ ನಮಗೆ ತೋರುವುದಿಷ್ಟು. ಸಂಘದ ಅಧಿಕಾರವು ಅದರ ದಾಖಲೆಗಳಲ್ಲಿದೆ. ಆ ದಾಖಲೆಗಳು ವಿಪತ್ತಿಗೆ ಮುಂಚೆಯೇ ಸಿದ್ಧವಾಗಿರಬೇಕು. ಅಪೂರ್ವ ಪ್ರಾಣಿಗಳನ್ನು ಎಣಿಸಲು ಉತ್ಸಾಹಿಗಳು ಎಂದೂ ದೊರೆಯುತ್ತಾರೆ. ಎಲ್ಲೆಡೆಯೂ ಕಾಣುವ ಸಾಮಾನ್ಯ ಪ್ರಾಣಿಯನ್ನು ವರ್ಷವರ್ಷವೂ ಬೇಸರವಿಲ್ಲದೆ ಎಣಿಸಿಡುವವರು ವಿರಳ. ಇಂಥ ಕಾರ್ಯಕ್ಕೆ ವಿಶ್ವವಿದ್ಯಾನಿಲಯಗಳ ವಿದ್ಯಾರ್ಥಿಗಳು ಮುಂದೆ ಬಂದಲ್ಲಿ, ನಾಳಿನ ನೀತಿಗೆ ಬೇಕಾದ ಸಾಕ್ಷ್ಯವನ್ನು ಅವರು ಇಂದೇ ಕೂಡಿಟ್ಟಂತಾಗುವುದು.