ಎಂಜಿನ್ ಇಳಿಸಿದರು, ಕುದುರೆ ಕಟ್ಟಿದರು

ಹೈನುಗಾರ್ತಿ ಸಹೋದರಿಯರೇ,

ಮನೆ ಮುಂದೆ ಕಾರು ನಿಂತಿದೆ, ಪೆಟ್ರೋಲಿಗೆ ಕಾಸಿಲ್ಲ. ಕೊಟ್ಟಿಗೆಯಲ್ಲಿ ಕುದುರೆಗಳಿವೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? 1930ರ ದಶಕದಲ್ಲಿ ಕೆನಡಾದ ಅನೇಕ ರೈತ ಕುಟುಂಬಗಳು ಹಳೆಯ ಕಾರಿನ ಎಂಜಿನ್ ಬಿಚ್ಚಿ ಕೆಳಗಿಳಿಸಿದವು. ಮುಂದೆ ಮರದ ಮೂಕಿ ಜೋಡಿಸಿ ಕುದುರೆ ಕಟ್ಟಿದವು. ನೋಡುವವರಿಗೆ ನಗು ಬರುವಂಥ ಬಂಡಿ. ಆ ಮನೆಯವರಿಗೆ ಪೇಟೆಗೆ ಹೋಗಲು ಇದ್ದದ್ದು ಅದೊಂದೇ.

ಅಲ್ಲಿಯ ಸಸ್ಕಾಚೆವನ್, ಆಲ್ಬರ್ಟಾ ಪ್ರಾಂತ್ಯಗಳು ಗೋಧಿಯ ಸೀಮೆ. ಬೆಲೆ ಚೆನ್ನಾಗಿದ್ದಾಗ ರೈತರು ಕಾರು ಕೊಂಡಿದ್ದರು. 1929ರಲ್ಲಿ ಒಂದು ಬುಷೆಲ್, ಅಂದರೆ ಸುಮಾರು 27 ಕೆ.ಜಿ. ಗೋಧಿಗೆ ಒಂದು ಡಾಲರಿಗೂ ಹೆಚ್ಚು ಸಿಗುತ್ತಿತ್ತು. 1932ರ ಕೊನೆಗೆ ಅದು 40 ಸೆಂಟಿಗಿಂತ ಕೆಳಗಿಳಿಯಿತು. ಜೊತೆಗೆ ಬರಗಾಲ. ಆಗ ಪ್ರಧಾನಿಯಾಗಿದ್ದವರು ಆರ್.ಬಿ. ಬೆನೆಟ್. ಸಿಟ್ಟಿದ್ದ ಜನ ಈ ಬಂಡಿಗೆ 'ಬೆನೆಟ್ ಬಗ್ಗಿ' ಎಂದೇ ಹೆಸರಿಟ್ಟರು. ಪಕ್ಕದ ಅಮೆರಿಕದಲ್ಲೂ ಇಂಥವು ಓಡಿದವು. ಅಲ್ಲಿ ಅಧ್ಯಕ್ಷ ಹೂವರ್ ಹೆಸರಿನಲ್ಲಿ 'ಹೂವರ್ ವ್ಯಾಗನ್' ಆಯಿತು. ಬೆನೆಟ್ 1935ರ ಚುನಾವಣೆಯಲ್ಲಿ ಸೋತರು.

ನೀವು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಗೋಧಿಯಿಂದ ಕೈಗೆ ಕಾಸು ಬಾರದ ಆ ವರ್ಷಗಳಲ್ಲಿ ಎಷ್ಟೋ ಮನೆಗಳ ದಿನಸಿ ಸಾಗಿದ್ದು ಹೆಣ್ಣುಮಕ್ಕಳು ಕೆನೆ, ಬೆಣ್ಣೆ, ಮೊಟ್ಟೆ ಮಾರಿ ತಂದ ಹಣದಿಂದ. ಡೇರಿಯ ಬಟವಾಡೆ ನಂಬಿ ಮನೆ ನಡೆಸುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆ ಬಂಡಿಯಿಂದ ಕುದುರೆಗೂ ಒಂದು ಅನುಕೂಲವಾಯಿತು. ಕಾರಿನ ಬೇರಿಂಗ್, ಸ್ಪ್ರಿಂಗ್, ಗಾಳಿ ತುಂಬಿದ ಟೈರು ಇದ್ದುದರಿಂದ ಎಳೆಯುವುದು ಹಗುರ. ಕಬ್ಬಿಣದ ಪಟ್ಟಿಯ ಮರದ ಚಕ್ರ ಕೆಸರಿನಲ್ಲಿ ಹೂತು, ಕಲ್ಲಿನ ಮೇಲೆ ಕುಲುಕಿ, ಆ ಪೆಟ್ಟನ್ನೆಲ್ಲ ಪ್ರಾಣಿಯ ಹೆಗಲಿಗೆ ದಾಟಿಸುತ್ತದೆ. ನಮ್ಮ ಹಳ್ಳಿಗಳ ಟೈರ್ ಗಾಡಿಗಳಲ್ಲೂ ಎಷ್ಟೋ ಸಲ ಹಳೆಯ ವಾಹನದ ಅಚ್ಚು, ಚಕ್ರಗಳೇ ಇರುತ್ತವೆ. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಮೊದಲ ನಿರ್ದೇಶಕ ಪ್ರೊ. ಎನ್.ಎಸ್. ರಾಮಸ್ವಾಮಿಯವರು ಎತ್ತಿನ ಗಾಡಿ ಸುಧಾರಣೆಗಾಗಿ ವರ್ಷಗಟ್ಟಲೆ ದುಡಿದದ್ದು ಎತ್ತಿನ ಈ ನೋವು ತಪ್ಪಿಸಲೆಂದೇ.

ನಿಮ್ಮ ಮನೆಯಲ್ಲೂ ಗುಜರಿ ಕಾರಿನ ಅಚ್ಚಿನಿಂದ ಮೇವಿನ ಗಾಡಿ ಮಾಡಿಸುವ ಮಾತು ಬಂದರೆ ಇವನ್ನು ಕೇಳಿ ಮುಂದುವರಿಯಿರಿ:

1. ಬ್ರೇಕ್ ಇದೆಯೇ? ಟೈರ್ ಗಾಡಿ ಇಳಿಜಾರಿನಲ್ಲಿ ತಾನಾಗಿ ಉರುಳಿ ಎತ್ತಿನ ಮೇಲೆ ನುಗ್ಗುತ್ತದೆ. ಬ್ರೇಕ್ ಇಲ್ಲದ ಗಾಡಿ ಬೇಡ.

2. ಹೇರು ಸಮತೂಕದಲ್ಲಿದೆಯೇ? ಎರಡು ಚಕ್ರದ ಗಾಡಿಯಲ್ಲಿ ಭಾರ ಮುಂದಕ್ಕೆ ಬಿದ್ದರೆ ಕತ್ತು ಕುಗ್ಗುತ್ತದೆ. ಹಿಂದಕ್ಕೆ ಬಿದ್ದರೆ ಮೂಕಿ ಮೇಲೇಳುತ್ತದೆ. ಹಗುರವಾಗಿ ಓಡುತ್ತದೆಂದು ಹೇರು ಹೆಚ್ಚಿಸಬೇಡಿ.

3. ನೊಗ ನುಣುಪಾಗಿದೆಯೇ? ಗಂಟು, ಸಿಬಿರು ಇದ್ದರೆ ಹೆಗಲಿಗೆ ಹುಣ್ಣು ಖಚಿತ.

4. ವಿಶ್ರಾಂತಿ ಸಿಗುತ್ತದೆಯೇ? 1965ರ ನಿಯಮಗಳ ಪ್ರಕಾರ ಎತ್ತನ್ನು ದಿನಕ್ಕೆ 9 ಗಂಟೆ ಮೀರಿ, ವಿರಾಮವಿಲ್ಲದೆ 5 ಗಂಟೆ ಮೀರಿ ಗಾಡಿಗೆ ಹೂಡುವಂತಿಲ್ಲ. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡಲೇಬಾರದು.

5. ರಾತ್ರಿ ಕಾಣುತ್ತದೆಯೇ? ಹಿಂದೆ ಕೆಂಪು ಪ್ರತಿಫಲಕ ಅಂಟಿಸಿ.

6. ಕಾಗದಪತ್ರ ಮುಗಿದಿದೆಯೇ? ಕಾರು ಬಿಚ್ಚಿಸುವುದಾದರೆ ಆರ್.ಸಿ.ಯನ್ನು ಆರ್.ಟಿ.ಒ. ಕಚೇರಿಗೆ ಒಪ್ಪಿಸಿ ನೋಂದಣಿ ರದ್ದು ಮಾಡಿಸಿ.

ಕೆನಡಾದ ಸಸ್ಕಟೂನ್ ನಗರದ ವೆಸ್ಟರ್ನ್ ಡೆವಲಪ್‌ಮೆಂಟ್ ಮ್ಯೂಸಿಯಂನಲ್ಲಿ ಇಂದಿಗೂ ಒಂದು ಬೆನೆಟ್ ಬಗ್ಗಿ ಇದೆ. ಆ ಕಷ್ಟಕಾಲದಲ್ಲಿ ಕಾರು ಕೈಕೊಟ್ಟರೂ ಮನೆಗಳು ಕುದುರೆಯನ್ನೂ ಹಸುವನ್ನೂ ನೆಚ್ಚಿಕೊಂಡು ಉಳಿದವು. ನಿಮ್ಮ ಮನೆಯ ಎತ್ತನ್ನೂ ಹಾಗೆ ನೋಡಿಕೊಳ್ಳಿ. ಗಾಡಿ ಬಿಚ್ಚಿದ ಮೇಲೆ ನೀರು ಕುಡಿಸಿ, ಹೆಗಲ ಮೇಲೆ ಅಂಗೈ ಇಟ್ಟು ನೋಡಿ. ಬಿಸಿಯಾಗಿದ್ದರೆ, ಊದಿದ್ದರೆ, ಮುಟ್ಟಿದಾಗ ಎತ್ತು ಕೊಸರಿದರೆ ಮಾರನೆಯ ದಿನ ನೊಗ ಹೂಡಬೇಡಿ. ನಿಮ್ಮ ಸಂಘದ ಮೂಲಕ ನಮಗೆ ಹೇಳಿ ಕಳುಹಿಸಿ.